ಓದಿ ಬಂದವರಿಗೆ ಒಂದು ಡಬ್ಬಿ

ಹೋದ ತಿಂಗಳು ನಮ್ಮ ನಾಗಪುರದ ಕನ್ನಡ ಸಂಘದಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಫೋಟೋಕ್ಕೆ ಹಾರ ಹಾಕಿದ್ದರು, ಊದಿನಕಡ್ಡಿ ಹಚ್ಚಿದ್ದರು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಶಿಸ್ತು ಅಂದರೆ ಅಕ್ಕೋರು, ಕನ್ನಡ ಅಂದರೆ ಅಕ್ಕೋರು, ಆಡಿದ ಮಾತಿಗೆ ಎಂದೂ ತಪ್ಪದವರು ಅಂದರೆ ಅಕ್ಕೋರು. ಕಾರ್ಯದರ್ಶಿಗಳು ನನ್ನ ಕಡೆ ತಿರುಗಿ, "ನೀವು ಅವರಿಗೆ ಭಾಳ ಹತ್ತಿರದವರು, ಎರಡು ಮಾತು ಆಡ್ರಿ" ಎಂದರು. ನಾನು ಎದ್ದು ನಿಂತೆ. ಕೈಮುಗಿದು ಹಾಗೇ ಕೂತುಬಿಟ್ಟೆ. ದುಃಖ ಎಂದು ಎಲ್ಲರೂ ತಿಳಿದರು. ನನಗಿದ್ದದ್ದು ಸಿಟ್ಟು. ಡಬ್ಬಿಯ ವಿಷಯ ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟಿನಲ್ಲಿ ದೊಡ್ಡವರ ಹೆಸರು ಹಿಡಿಯಬಾರದೆಂದು ನಮ್ಮಪ್ಪ ಕಲಿಸಿದ್ದ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುವುದು ರೂಢಿ, ಇಲ್ಲಿಯೂ ಅಷ್ಟೇ ಸಾಕು. ಧಾರವಾಡದ ಕಡೆಯವರು. ಗಂಡನಿಗೆ ಇಲ್ಲಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ನೌಕರಿ ಎಂದು ಬಂದರು. ಆತ ತೀರಿಕೊಂಡ ಮೇಲೂ ಧರಮಪೇಠದ ಎರಡು ಕೋಣೆಯ ಮನೆ ಬಿಟ್ಟು ಹೋಗಲಿಲ್ಲ. ಮಕ್ಕಳಿರಲಿಲ್ಲ. ವಾರವೆಲ್ಲ ಒಂದು ಶಾಲೆಯಲ್ಲಿ ಹಿಂದಿಯಲ್ಲಿ ಭೂಗೋಳ ಕಲಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಸಂಘದ ಕೋಣೆಯಲ್ಲಿ ನಮ್ಮಂಥ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಕಲಿಸುತ್ತಿದ್ದರು.

ನಮ್ಮಂಥ ಮಕ್ಕಳು ಎಂದರೆ ರೇಲ್ವೆಯವರ, ಬ್ಯಾಂಕಿನವರ, ಕಾರ್ಖಾನೆಯವರ ಮಕ್ಕಳು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಜಗಳಕ್ಕೆ ಹಿಂದಿ. ಗದಗಿನಿಂದ ಬಂದ ರೇಲ್ವೆ ಗಾರ್ಡನ ಮಗನಾದ ನನಗೆ ಅಕ್ಷರ ಗುರುತಿಸಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಂದು ಸಲ ನಾನು, "ಅಕ್ಕೋರ, ಜಲ್ದಿ ಛುಟ್ಟಿ ಕೊಡ್ರಿ, ಮ್ಯಾಚ್ ಐತಿ" ಎಂದದ್ದಕ್ಕೆ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಹೇಳಿದ್ದರು:

"ತಮ್ಮಾ, ನಿನ್ನ ಕನ್ನಡ ಅಂದ್ರ ಇಟಾರ್ಸಿ ಜಂಕ್ಷನ್ ಆಗೇತಿ ನೋಡು. ಎಲ್ಲಾ ಗಾಡಿ ಬಂದು ನಿಂದರ್ತಾವ, ಒಂದೂ ನಮ್ಮೂರಿಗೆ ಹೋಗೂದಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಮೂವತ್ತು ವರ್ಷ ನನ್ನೊಳಗೆ ಮುಳ್ಳಿನಂತೆ ಕೂತಿತ್ತು.

ಅವರು ಕಲಿಸುವ ರೀತಿಯೇ ಬೇರೆ. ಭಾನುವಾರವೂ ನಡುನಡುವೆ ಭೂಗೋಳ ಬರುತ್ತಿತ್ತು. ಅಕ್ಷಾಂಶ ರೇಖಾಂಶ ಹೇಳಿಕೊಡಲು ಕಿತ್ತಳೆ ಹಣ್ಣು ತರುತ್ತಿದ್ದರು. ಸಿಪ್ಪೆ ಬಿಡಿಸಿ ತೊಳೆಗಳ ನಡುವಿನ ಗೆರೆ ತೋರಿಸಿ, "ಇವು ರೇಖಾಂಶ, ಮ್ಯಾಲಿಂದ ಕೆಳಗ" ಎನ್ನುವರು. ಸರಿಯಾಗಿ ಉತ್ತರ ಕೊಟ್ಟವರಿಗೆ ಒಂದು ತೊಳೆ. "ನಕಾಶೆ ಸುಳ್ಳು ಹೇಳೂದಿಲ್ಲ, ಮಂದಿ ಹೇಳ್ತಾರ" ಎಂಬುದು ಅವರ ಬಾಯಲ್ಲಿ ಯಾವಾಗಲೂ ಇರುವ ಮಾತು. ಕನ್ನಡದ ಪಾಠಕ್ಕೆ ಸಂಘದ ಕಪಾಟಿನಿಂದ ಒಂದು ಹಳೆಯ ಕಾದಂಬರಿ ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ಪರದೇಶದ ಪ್ರಸಿದ್ಧ ಸಮುದ್ರದ ಕಥೆ, ಯಾರೋ ಹಿರಿಯರು ಎಂದೋ ಕನ್ನಡಕ್ಕೆ ತಂದದ್ದು. ದೇಶದ ಯಾವ ಸಮುದ್ರಕ್ಕೂ ಹತ್ತಿರವಿಲ್ಲದ ಈ ಊರಿನಲ್ಲಿ, ಫ್ಯಾನಿನ ಕೆಳಗೆ ಬೆವರುತ್ತ, ನಾವು ಬಿರುಗಾಳಿಗೆ ಸಿಕ್ಕ ಹಡಗಿನ ಕಥೆ ಕೇಳುತ್ತಿದ್ದೆವು. ಸರಿಯಾಗಿ ಹಡಗು ಮುಳುಗುವ ಹೊತ್ತಿಗೆ ಅವರು ಪುಸ್ತಕ ಮುಚ್ಚಿಬಿಡುವರು.

"ಮುಂದಿಂದು ನೀವ ಓದ್ರಿ. ಮುಂದಿನ ಆಯಿತವಾರ ನನಗ ಹೇಳ್ರಿ."

ಮುಂದಿನ ಭಾನುವಾರ, "ಯಾರು ಓದಿ ಬಂದೀರಿ?" ಎಂದು ಕೇಳುವರು. ನಾವೆಲ್ಲ ನೆಲ ನೋಡುತ್ತಿದ್ದೆವು. ಅವರು ನಿಟ್ಟುಸಿರು ಬಿಟ್ಟು ಇನ್ನೊಂದು ಅಧ್ಯಾಯ ಓದುವರು. ಕೊನೆಯ ಅಧ್ಯಾಯವನ್ನಂತೂ ಯಾರಿಗೂ ಓದಿ ಹೇಳಲಿಲ್ಲ. ನಾವು ಯಾರೂ ಓದಲೂ ಇಲ್ಲ. ನಾನು ದೊಡ್ಡವನಾಗಿ, ಬ್ಯಾಂಕು ಸೇರಿ, ಅಮರಾವತಿಯ ಮರಾಠಿ ಹುಡುಗಿಯನ್ನು ಮದುವೆಯಾಗಿ, ನಲವತ್ತು ದಾಟಿದರೂ ಆ ಹಡಗಿನವರು ಕೊನೆಗೆ ಏನಾದರು ಎಂಬುದು ನನಗೆ ಗೊತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅಕ್ಕೋರು ಡಬ್ಬಿ ಆಟ ಹಿಡಿದರು. ಜಿಯೋಕ್ಯಾಶಿಂಗ್ ಎಂದು ಅದರ ಹೆಸರು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಬೇರೆಯವರು ಫೋನು ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುತ್ತಾರೆ. ಇಟ್ಟವರನ್ನು ನಂಬುವುದೇ ಇಡೀ ಆಟದ ಬುನಾದಿ. ಪುಣೆಯ ಒಬ್ಬ ಶಿಕ್ಷಕಿಯಿಂದ ಇದನ್ನು ಕಲಿತುಬಂದ ಅಕ್ಕೋರು ನಮ್ಮನ್ನೆಲ್ಲ ಸಂಘಕ್ಕೆ ಕರೆಸಿ ಸಾರಿದರು. ಆ ಕಾದಂಬರಿಯ ಮೇಲೆ ಒಂದು ಡಬ್ಬಿ ಇಡುತ್ತಾರಂತೆ. ಅಧ್ಯಾಯಕ್ಕೊಂದು ಪ್ರಶ್ನೆ, ಹಡಗಿಗೆ ಎಷ್ಟು ಹಾಯಿ, ಮುದುಕ ನಾವಿಕ ಎಷ್ಟು ಸಲ ಸುಳ್ಳು ಹೇಳಿದ, ಹೀಗೆ. ಉತ್ತರ ಒಂದೊಂದು ಅಂಕಿ. ಅಂಕಿಗಳನ್ನು ಬಿಟ್ಟ ಜಾಗದಲ್ಲಿ ತುಂಬಿದರೆ ಡಬ್ಬಿ ಇರುವ ಸ್ಥಳ ಸಿಗುತ್ತದೆ. ಕನ್ನಡ ಓದದೆ ಯಾರೂ ಅಲ್ಲಿಗೆ ಹೋಗಲಾರರು.

"ಮೊದಲ ಮುಟ್ಟಿದವರ ಹೆಸರು ಡಬ್ಬಿ ತಳಕ್ಕ ಕೆತ್ತಸ್ತೀನಿ. ಲಗ್ನದ ಭಾಂಡ್ಯಾಕ ಕೆತ್ತಸ್ತಾರಲ್ಲ, ಹಂಗ" ಎಂದರು. ನನ್ನ ಕಡೆ ನೋಡಿ ಹೇಳಿದರು ಎಂದು ನನಗೆ ಅನ್ನಿಸಿತು.

ಡಬ್ಬಿ ಕೊಳ್ಳಲು ಗಾಂಧಿಬಾಗಿಗೆ ಅವರನ್ನು ಸ್ಕೂಟರಿನ ಮೇಲೆ ಕರೆದುಕೊಂಡು ಹೋದವನು ನಾನೇ. ಊರ ಹೆಂಗಸರಂತೆ ಮುಖಕ್ಕೆಲ್ಲ ಬಿಳಿ ಓಢಣಿ ಸುತ್ತಿಕೊಂಡು, ಹಿಂದೆ ಕೂತು, ಪ್ರತಿ ತಿರುವಿಗೂ ನನಗೆ ದಿಕ್ಕು ಹೇಳುತ್ತಿದ್ದರು. ಪಾತ್ರೆ ಅಂಗಡಿಯ ಮುಂದೆ ಹೆಸರು ಕೆತ್ತುವವನು ಕೂತಿದ್ದ. ಅಕ್ಕೋರು ಗುಂಡನೆಯ ಸ್ಟೀಲ್ ಡಬ್ಬಿಯೊಂದನ್ನು ಬೋರಲು ಹಾಕಿ, ಕಾಗದದ ಮೇಲೆ ದೊಡ್ಡದಾಗಿ "ಓದಿ ಬಂದವರಿಗೆ" ಎಂದು ಬರೆದುಕೊಟ್ಟರು.

"ಯೇ ಕೌನ್ಸೀ ಭಾಷಾ ಹೈ ಮ್ಯಾಡಮ್? ಜಲೇಬಿ ಜೈಸೀ ದಿಖ್ತೀ ಹೈ." ಯಾವ ಭಾಷೆ ಇದು, ಜಿಲೇಬಿಯ ಹಾಗೆ ಕಾಣುತ್ತದೆ ಎಂದ ಅವನು.

"ಜಲೇಬಿ ಹೀ ಹೈ. ಧ್ಯಾನ್ ಸೇ ಉತಾರೋ, ಟೂಟ್ನಾ ನಹೀಂ ಚಾಹಿಯೇ." ಜಿಲೇಬಿಯೇ, ಮುರಿಯದಂತೆ ಜೋಪಾನವಾಗಿ ಇಳಿಸು ಎಂದರು ಅಕ್ಕೋರು.

ಅವನ ಯಂತ್ರ ಗುರ್ ಎನ್ನುತ್ತ ಚುಕ್ಕೆ ಚುಕ್ಕೆಯಾಗಿ ಅಕ್ಷರ ಮೂಡಿಸಿತು. ಕೆಳಗೆ ಒಂದು ಹೆಸರಿಗಾಗುವಷ್ಟು ಜಾಗ ಬಿಡಿಸಿದರು. ಅಂಗಡಿಯವನು ನಗುತ್ತ, ಒಳಗೆ ಏನು ಹಾಕುತ್ತೀರಿ, ಲಾಡು ಹಾಕಿಡಿ, ಸಿಕ್ಕವರಿಗೆ ಖುಷಿ ಎಂದ. ಅಕ್ಕೋರು ಅಲ್ಲಿಯೇ ನನಗೆ ಪಾಠ ಶುರು ಮಾಡಿದರು.

"ಇದ ತಿಳಕೋ ತಮ್ಮಾ. ಈ ಆಟದಾಗ ತಿನ್ನೂ ಸಾಮಾನು ಎಂದೂ ಇಡಬಾರದು. ಒಮ್ಮೆ ವಾಸನಿ ಹಿಡೀತಂದ್ರ ಮುಗೀತು, ಆ ಡಬ್ಬಿ ಮತ್ತ ಹೊರಗ ಇಡಾಕ ಬರೂದಿಲ್ಲ. ನಾಯಿ ನರಿ ಎಳಕೊಂಡ ಹೋಗ್ತಾವ."

ಆಟ ಶುರುವಾಯಿತು. ಸಂಘದ ಮಕ್ಕಳು ಮೊದಲ ಪ್ರಶ್ನೆಗೇ ಕೈಬಿಟ್ಟರು. ಅಕ್ಕೋರು ಅದನ್ನು ನಿರೀಕ್ಷಿಸಿದ್ದರೇನೋ, ಬೇಜಾರು ತೋರಿಸಲಿಲ್ಲ. ನಾನು ಮಾತ್ರ ಕಪಾಟಿನಿಂದ ಪುಸ್ತಕ ತಂದು, ದಿನಾ ಬ್ಯಾಂಕಿನಿಂದ ಬಂದ ಮೇಲೆ ಬೆರಳಿಟ್ಟು ಓದಲು ಕೂತೆ. ಒತ್ತಕ್ಷರ ಬಂದಲ್ಲಿ ನಿಲ್ಲುವೆ, ಹಿಂದೆ ಹೋಗುವೆ, ಮತ್ತೆ ಬರುವೆ. ಹೆಂಡತಿ ರೊಟ್ಟಿ ತಟ್ಟುತ್ತ ಕೇಳುತ್ತಿದ್ದಳು, "ಕಾಯ್ ಹೋ, ಖಜಿನಾ ಸಾಪಡ್ಲಾ ಕಾ?" ನಿಧಿ ಸಿಕ್ಕಿತೇ ಎಂದು. ಸಿಗುತ್ತದೆ ತಡಿ ಎನ್ನುತ್ತಿದ್ದೆ. ವರ್ಷ ಕಳೆಯುವ ಹೊತ್ತಿಗೆ ಬೆರಳು ಬೇಕಿರಲಿಲ್ಲ. ಕೊನೆಯ ಅಧ್ಯಾಯಕ್ಕೆ ಬಂದಾಗ ನನಗೆ ಕಣ್ಣೀರು ಬಂತು. ಕಥೆಗೆ ಅಲ್ಲ, ನಾನು ಒಂದಿಡೀ ಕನ್ನಡ ಪುಸ್ತಕ ಮುಗಿಸುತ್ತಿದ್ದೇನೆ ಎಂಬುದಕ್ಕೆ. ಅಪ್ಪ ಇದ್ದಿದ್ದರೆ ಅವನ ಮುಂದೆ ಕೂತು ಓದಿ ತೋರಿಸುತ್ತಿದ್ದೆ.

ಕೊನೆಯ ಪ್ರಶ್ನೆ, ಕಡೆಗೆ ದಡದಲ್ಲಿ ಎಷ್ಟು ಜನ ಉಳಿದರು ಎಂಬುದು. ಅಲ್ಲೊಂದು ತೊಡಕಿತ್ತು. ಕಪ್ತಾನನ ನಾಯಿಯೂ ದಡದಲ್ಲಿ ಉಳಿದಿರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? ಹಿಡಿದರೆ ಫೋನಿನ ನಕಾಶೆಯಲ್ಲಿ ಕನ್ಹಾನ್ ನದಿಯ ನಡುನೀರು ಬರುತ್ತಿತ್ತು. ಬಿಟ್ಟರೆ ದಡದ ಹತ್ತಿರದ ಒಂದು ದೊಡ್ಡ ಬಂಡೆ. ಮಳೆಗಾಲದಲ್ಲಿ ಸುತ್ತ ನೀರು ತುಂಬಿ ಆ ಬಂಡೆ ದ್ವೀಪವಾಗುತ್ತದೆ, ಬೇಸಿಗೆಯಲ್ಲಿ ಮರಳಿನ ಮೇಲೆ ನಡೆದು ಹೋಗಬಹುದು. ಇದೇ ಸರಿ ಎಂದು ನನಗೆ ಖಾತ್ರಿಯಾಯಿತು. ಅಕ್ಕೋರ ತಲೆಗೆ ಮನಸ್ಸಿನಲ್ಲೇ ಭೇಷ್ ಎಂದೆ. ಅವರಿಗೆ ಫೋನು ಮಾಡಿ, "ಪುಸ್ತಕ ಮುಗೀತ್ರಿ. ನಾಳೆ ಕನ್ಹಾನಿಗೆ ಹೊಂಟೀನ್ರಿ" ಎಂದೆ.

"ಖರೇನ ಮುಗಿಸಿದಿ?" ಎಂದರು.

ಮರುದಿನ ಬಂಡೆಯ ಸಂದಿಗೊಂದಿಯಲ್ಲಿ ಕೈಹಾಕಿ ಹುಡುಕಿದೆ. ಇರಲಿಲ್ಲ. ಮರಳಿನಲ್ಲಿ ಕಲ್ಲಂಗಡಿ ಬೆಳೆದುಕೊಂಡಿದ್ದ ಮುದುಕನೊಬ್ಬ ಏನು ಹುಡುಕುತ್ತೀ ಎಂದು ಕೇಳಿದ. ಆಟದ ಗುಟ್ಟು ಹೊರಗಿನವರಿಗೆ ಹೇಳಬಾರದೆಂಬ ನಿಯಮವಿದ್ದದ್ದರಿಂದ ಗಾಡಿಯ ಕೀಲಿ ಕಳೆದಿದೆ ಎಂದೆ. ಪಾಪ, ಅವನೂ ಬಗ್ಗಿ ಹುಡುಕಿದ. ಮುಂದಿನ ಭಾನುವಾರವೂ ನನ್ನನ್ನು ಕಂಡು, "ಆಜ್ ಭೀ ಚಾಬೀ?" ಎಂದ. ಆ ಬೇಸಿಗೆಯೆಲ್ಲ ಅವನು ನನ್ನನ್ನು ತಲೆ ಕೆಟ್ಟವನೆಂದೇ ತಿಳಿದಿರಬೇಕು.

ಪ್ರತಿ ಸಲವೂ ಅಲ್ಲಿಂದ ಸೀದಾ ಅಕ್ಕೋರ ಮನೆಗೆ ಬರುತ್ತಿದ್ದೆ. ಮುಖ ನೋಡಿದರೇ ಅವರಿಗೆ ತಿಳಿಯುತ್ತಿತ್ತು.

"ಸಿಗಲಿಲ್ರಿ ಅಕ್ಕೋರ. ಯಾರರ ತಗೊಂಡು ಹೋಗ್ಯಾರೇನ್ರಿ?"

"ನನ್ನ ಕೇಳಬ್ಯಾಡ, ಪುಸ್ತಕಾ ಕೇಳು. ಎಲ್ಲೋ ತಪ್ಪಿ ಓದಿದಿ. ಮದ್ಲ ಕೂಡು, ಊಟಾ ಮಾಡು."

ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು. ಒಳಗಿನಿಂದ ಡಬ್ಬಿ ತಂದು ಚಮಚದಿಂದ ಶೇಂಗಾ ಚಟ್ನಿ ಪುಡಿ ಬಡಿಸುವರು. ಎರಡನೆಯ ಸಲ ಬೇಡವೆಂದರೂ ಬಿಡುತ್ತಿರಲಿಲ್ಲ. ಊಟವಾದ ಮೇಲೆ ಗೋಡೆಗೆ ಒರಗಿ, ಮಂಡಿ ನೀವಿಕೊಳ್ಳುತ್ತ, "ಕಡೀ ಅಧ್ಯಾಯ ಓದು ನೋಡೂಣು, ಎಲ್ಲಿ ತಪ್ಪತೈತಿ ಕೇಳ್ತೀನಿ" ಎನ್ನುವರು. ನಾನು ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮುಗಿದ ಮೇಲೆ ಬಹಳ ಹೊತ್ತಿಗೆ ಕಣ್ಣು ತೆರೆದು, "ಇನ್ನೊಮ್ಮೆ ಓದು" ಎನ್ನುವರು.

ಸರಿ ಎಂದು ಒಂದು ದಿನವೂ ಹೇಳಲಿಲ್ಲ. ಎಲ್ಲಿ ತಪ್ಪಿತು ಎಂದೂ ಹೇಳಲಿಲ್ಲ. ಮನೆಗೆ ಹೋಗಿ ನಾನು ಮತ್ತೆ ಮೊದಲಿನಿಂದ ಓದುತ್ತಿದ್ದೆ. ಹಾಯಿ ಎಣಿಸುತ್ತಿದ್ದೆ, ಸುಳ್ಳು ಎಣಿಸುತ್ತಿದ್ದೆ, ನಾಯಿಯನ್ನು ಸೇರಿಸುತ್ತಿದ್ದೆ, ಬಿಡುತ್ತಿದ್ದೆ. ಕಡೆಗೆ ನನ್ನದು ಇಟಾರ್ಸಿ ಜಂಕ್ಷನ್ ಕನ್ನಡವೇ, ಇಷ್ಟು ವಯಸ್ಸಿಗೆ ಕಲಿತದ್ದು ಇಷ್ಟೇ ಬರುವುದು ಎಂದು ಒಪ್ಪಿಕೊಂಡೆ. ಮಳೆ ಬಂದು ಬಂಡೆ ದ್ವೀಪವಾಯಿತು. ಹುಡುಕುವುದನ್ನು ಬಿಟ್ಟೆ. ಅಕ್ಕೋರ ಮನೆಗೆ ಹೋಗುವುದನ್ನು ಬಿಡಲಿಲ್ಲ. ಪುಸ್ತಕ ಮಾತ್ರ ಕಪಾಟಿಗೆ ವಾಪಸು ಹೋಯಿತು.

ಅಕ್ಕೋರು ನಿದ್ದೆಯಲ್ಲೇ ಹೋದರು. ಮನೆ ಖಾಲಿ ಮಾಡಲು ಹುಬ್ಬಳ್ಳಿಯಿಂದ ಅವರ ತಂಗಿ ಬಂದಿದ್ದರು. ನಾನು ಸಹಾಯಕ್ಕೆ ಹೋದೆ. ನಕಾಶೆಗಳು ಶಾಲೆಗೆ, ಪುಸ್ತಕಗಳು ಸಂಘಕ್ಕೆ, ಹಾಸಿಗೆ ಕೆಲಸದವಳಿಗೆ ಎಂದು ತೆಗೆದಿಡುತ್ತಿದ್ದೆವು. ಅಡುಗೆಮನೆಯಲ್ಲಿ ಆ ತಾಯಿ ಚಟ್ನಿಯ ಡಬ್ಬಿ ನನ್ನ ಕೈಗಿಟ್ಟರು.

"ಇದನ್ನ ನೀವ ಒಯ್ರಿ. ನಿಮಗಂತ ಮಾಡಿ ಇಡತಿದ್ಲು."

ತಳದಲ್ಲಿ ಉಳಿದ ಪುಡಿಯನ್ನು ಕಾಗದಕ್ಕೆ ಸುರಿಯಲೆಂದು ಡಬ್ಬಿ ಬೋರಲು ಹಾಕಿದೆ. ಬೆರಳಿಗೆ ಚುಕ್ಕೆಗಳು ತಾಕಿದವು. ಓದಿ ಬಂದವರಿಗೆ. ಅದರ ಕೆಳಗೆ ಖಾಲಿ ಜಾಗ.

ಬೇಸಿಗೆಯ ಬಿಸಿಲಿನಲ್ಲಿ ಬಂಡೆಯ ಸಂದಿಗೆ ಕೈ ಹಾಕಿ ಮೊಣಕೈ ತರಚಿಕೊಂಡು ಹುಡುಕಿದ ಡಬ್ಬಿ, ಸೋತು ಬಂದು ಕೂತಾಗಲೆಲ್ಲ ನನ್ನ ತಾಟಿನ ಪಕ್ಕದಲ್ಲೇ ಇತ್ತು. ಅವರೇ ಮುಚ್ಚಳ ತೆಗೆದು ಅದರಿಂದ ನನಗೆ ಬಡಿಸುತ್ತಿದ್ದರು. ಮರೆತಿದ್ದರು ಎನ್ನೋಣವೇ? ವಾಸನೆ ಹಿಡಿದ ಡಬ್ಬಿ ಮತ್ತೆ ಹೊರಗೆ ಇಡಲು ಬರುವುದಿಲ್ಲ ಎಂದು ಗಾಂಧಿಬಾಗಿನಲ್ಲಿ ನನಗೆ ಹೇಳಿಕೊಟ್ಟವರು ಅವರೇ. ಯಾರೂ ಓದಿ ಬರುವುದಿಲ್ಲ ಎಂದು ತೀರ್ಮಾನಿಸಿದ ದಿನ ಅದಕ್ಕೆ ಚಟ್ನಿ ತುಂಬಿದ್ದಾರೆ. ನನ್ನನ್ನೂ ಸೇರಿಸಿಯೇ ತೀರ್ಮಾನಿಸಿದ್ದಾರೆ.

ತಂಗಿಗೆ ಎಲ್ಲವೂ ಗೊತ್ತಿತ್ತು. ನನ್ನ ಮುಖ ನೋಡಿ ಅವರಿಗೂ ಕಸಿವಿಸಿಯಾಯಿತು.

"ನಾ ಫೋನಿನ್ಯಾಗ ಬೈದೆ ನೋಡ್ರಿ. ಆ ಹುಡುಗನ ಯಾಕ ಅಲ್ಲಿ ಇಲ್ಲಿ ತಿರಗಸ್ತಿ, ಖರೇ ಹೇಳಿಬಿಡು ಅಂದೆ. ಡಬ್ಬಿ ನಾ ಅಲ್ಲಿ ಇಟ್ಟ ಇಲ್ಲ, ಅವಾ ಓದ್ತಾನಂತ ನನಗ ಕನಸಿನ್ಯಾಗೂ ಇರಲಿಲ್ಲ, ಈಗ ಹೆಂಗ ಹೇಳಲಿ ಅಂದ್ಲು. ಆಮ್ಯಾಲೆ ಅಂದ್ಲು, ಡಬ್ಬಿ ಸಿಕ್ಕತಂದ್ರ ಅವಾ ಮತ್ತ ಯಾಕ ಬರತಾನ ನಮ್ಮನಿಗೆ, ಅಂತ."

ಇದನ್ನು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು. ಒಂಟಿ ಮುದುಕಿ, ಮಂಡಿನೋವು, ಭಾನುವಾರಕ್ಕೆ ಒಬ್ಬ ಬರುವವನು. ಹೆಂಡತಿಗೆ ಹೇಳಿದಾಗ ಅವಳ ಕಣ್ಣು ತುಂಬಿತು, "ಜಾವೂ ದೇ ನಾ, ಬಿಚಾರಿ" ಎಂದಳು. ಪಾಪ, ಬಿಟ್ಟುಬಿಡು ಎಂದು. ನನ್ನಿಂದ ಆಗಲಿಲ್ಲ. ಬಾ ತಮ್ಮಾ ಎಂದು ಒಂದು ಮಾತು ಅಂದಿದ್ದರೆ ನಾನು ಬರುತ್ತಿರಲಿಲ್ಲವೇ? ಹುಡುಕುವುದು ಬಿಟ್ಟ ಮೇಲೂ ಬರುತ್ತಲೇ ಇದ್ದೆನಲ್ಲ, ಅದು ಅವರಿಗೆ ಕಾಣಲಿಲ್ಲವೇ? ನನ್ನ ಓದನ್ನೂ ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ. ಸುಳ್ಳು ಹೇಳಿದ್ದನ್ನಾದರೂ ಸಹಿಸುತ್ತಿದ್ದೆ. ಸರಿಯಾಗಿ ಓದಿದವನಿಗೆ ತಪ್ಪಿ ಓದಿದಿ ಎಂದರಲ್ಲ, ಅದನ್ನು ಸಹಿಸಲಾರೆ. ನನಗೆ ಕನ್ನಡ ಕೊಟ್ಟವರೂ ಅವರೇ, ಅದು ನಿನಗೆ ಬರುವುದಿಲ್ಲ ಎಂದು ನಂಬಿಸಿದವರೂ ಅವರೇ. ಈ ಸಾಲುಗಳನ್ನು ಬರೆಯುವಾಗಲೂ ಒತ್ತಕ್ಷರ ಬಂದಲ್ಲೆಲ್ಲ ಕೈ ಒಂದು ಕ್ಷಣ ಅನುಮಾನಿಸುತ್ತದೆ.

ಡಬ್ಬಿ ಈಗ ನಮ್ಮ ಮನೆಯಲ್ಲಿದೆ. ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ತಾರಸಿಯ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ. ಮುಚ್ಚಳ ತೆಗೆದರೆ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಖಾಲಿ ಜಾಗಕ್ಕೆ ನನ್ನ ಹೆಸರು ಕೆತ್ತಿಸೋಣವೇ ಎಂದು ಒಮ್ಮೆ ಅಂದುಕೊಂಡೆ. ಹುಡುಕಿ ಸಿಕ್ಕಿದ್ದಲ್ಲ, ಯಾರೋ ತೆಗೆದುಕೊಟ್ಟದ್ದು. ಬಿಟ್ಟೆ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಮೊನ್ನೆ ಫೋನಿನಲ್ಲಿ ಆಟದ ಪುಟ ತೆರೆದಾಗ, ಅಕ್ಕೋರ ಡಬ್ಬಿಯ ಕೆಳಗೆ, ನನ್ನ ಹಳೆಯ "ಸಿಗಲಿಲ್ಲ"ಗಳ ಮೇಲೆ, ಹೊಸದೊಂದು ಬರಹವಿತ್ತು. ಪಕ್ಕದ ಊರು ಕಾಮ್ಠಿಗೆ ವರ್ಗವಾಗಿ ಬಂದ ಯಾರೋ ಹೆಣ್ಣುಮಗಳು, ಕನ್ನಡದಲ್ಲೇ ಬರೆದಿದ್ದಳು: ಬೆಳಗಿನಿಂದ ಬಂಡೆಯೆಲ್ಲ ಹುಡುಕಿದೆ, ಸಿಗಲಿಲ್ಲ. ನನ್ನ ಕನ್ನಡ ಅಷ್ಟಕ್ಕಷ್ಟೇ, ಎಲ್ಲೋ ತಪ್ಪಾಗಿ ಓದಿದ್ದೇನೆ. ನಾಯಿಯನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತೇನೋ. ಮತ್ತೊಮ್ಮೆ ಮೊದಲಿನಿಂದ ಓದಿ ಬರುತ್ತೇನೆ.

ಓದಿ ಬಂದವರು ಇನ್ನೊಬ್ಬರು. ಅಕ್ಕೋರೇ, ನೋಡ್ರಿ ಎಂದು ಕೂಗಿ ಹೇಳಬೇಕೆನಿಸಿತು. ಹೇಳಲು ಅವರಿಲ್ಲ.

ಎರಡು ದಿನ ಸುಮ್ಮನಿದ್ದೆ. ಉತ್ತರ ಬರೆದರೆ ಸಂಘದವರೆಲ್ಲ ಓದುತ್ತಾರೆ. ಹಾರ ಹಾಕಿದ ಫೋಟೋ ಇನ್ನೂ ಗೋಡೆಯ ಮೇಲಿದೆ, ಒಣಗಿದ ಹಾರವನ್ನೂ ಯಾರೂ ತೆಗೆದಿಲ್ಲ. ಆಡಿದ ಮಾತಿಗೆ ತಪ್ಪದವರು ಎಂದು ಅಷ್ಟು ಜನರ ಮುಂದೆ ಹೇಳಿಸಿಕೊಂಡವರ ಮಾನ ನಾನು ತೆಗೆಯಬೇಕೇ? ಗಾಂಧಿಬಾಗಿನಿಂದ ಬೇರೆ ಡಬ್ಬಿ ತಂದು ಬಂಡೆಯ ಸಂದಿಯಲ್ಲಿಟ್ಟು ಬರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಡತಿಯೂ ಅದನ್ನೇ ಹೇಳಿದಳು. ಆದರೆ ಅಷ್ಟರೊಳಗೆ ಆ ಹೆಣ್ಣುಮಗಳು ಎಲ್ಲೋ ಕೂತು ಮತ್ತೆ ಹಾಯಿ ಎಣಿಸುತ್ತಿರುತ್ತಾಳೆ, ತನ್ನ ಕನ್ನಡವನ್ನೇ ಬೈದುಕೊಳ್ಳುತ್ತಿರುತ್ತಾಳೆ.

ನಿನ್ನೆ ಬ್ಯಾಂಕಿನಿಂದ ಬಂದು, ಬಟ್ಟೆ ಕೂಡ ಬದಲಿಸದೆ, ಫೋನು ತೆಗೆದು ಬರೆದೆ.

"ಡಬ್ಬಿ ಅಲ್ಲಿ ಇಲ್ಲ. ಎಂದೂ ಇರಲಿಲ್ಲ. ನೀವು ಓದಿದ್ದು ಸರಿಯಿದೆ."